ರೇಡಿಯೋ ಸಿಸ್ಟರ್‌ಗೆ ಬಾರದ ದನಿ

ರೇಡಿಯೋ ಸಿಸ್ಟರ್‌ಗೆ ಕೂರಲು ಬರುವುದಿಲ್ಲ ಎಂಬುದು ಇಡೀ ಆಸ್ಪತ್ರೆಗೆ ಗೊತ್ತಿದ್ದ ಸಂಗತಿ. ಕುರ್ಚಿ ಕೊಟ್ಟರೆ ಅದರ ತುದಿಯಲ್ಲಿ ಕೂತು ಕಾಲು ಕುಣಿಸುವಳು. ಕಾಲನ್ನು ಗದರಿಸಿ ನಿಲ್ಲಿಸಿದರೆ ಬೆರಳು ಮೇಜಿನ ಮೇಲೆ ತಾಳ ಹಾಕತೊಡಗುವುದು. ಹೊಟ್ಟೆಯೊಳಗೆ ಬಸ್‌ಸ್ಟ್ಯಾಂಡ್ ಇಟ್ಟುಕೊಂಡು ಹುಟ್ಟಿದವಳು ಎಂದು ಅವಳ ಅತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ಅದೇ ಹೆಂಗಸು ಹೆಂಗಸರ ಕೋಣೆಯ ಹಸಿರು ಪರದೆ ಸರಿಸಿ ಒಳಗೆ ಹೋಗಿ ಕೈಗವಸು ಏರಿಸಿದಳೆಂದರೆ ಮೈಯೆಲ್ಲ ನಿಂತ ನೀರು. ದನಿ ತಾನಾಗಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಈಗ ನನ್ನ ಕೈ ತಣ್ಣಗಿರುತ್ತೆ ಅಮ್ಮ, ಈಗ ಸ್ವಲ್ಪ ಒತ್ತುತ್ತೀನಿ, ಉಸಿರು ಬಿಡಿ, ಏನೂ ಇಲ್ಲ, ಮುಗೀತು ಅಂದ್ಕೊಳ್ಳಿ. ಮಾಡುವ ಮೊದಲು ಹೇಳುವುದು, ಹೇಳುವಾಗ ಸಣ್ಣದು ಮಾಡಿ ಹೇಳುವುದು, ಇನ್ನೊಂದು ಕೈಯನ್ನು ಭುಜದ ಮೇಲೆ ಹಗುರಾಗಿ ಇಡುವುದು: ಇದು ಅವಳ ಕೆಲಸದ ಕ್ರಮ. ಹಲ್ಲು ಕಚ್ಚಿ, ಮುಷ್ಟಿ ಬಿಗಿದು ಮಲಗಿದ ಹೆಂಗಸರೂ ಆ ಕೈ ಬಿದ್ದೊಡನೆ ಬೆಣ್ಣೆಯಾಗುತ್ತಿದ್ದರು. ಪರದೆಯ ಹೊರಗೆ ಬಂದರೆ ಮತ್ತೆ ಅದೇ ಚಡಪಡಿಕೆ, ಅದೇ ಚೇಷ್ಟೆ. ಔಷಧಿ ಕೌಂಟರಿನವನು ಮೂಗಿನಲ್ಲಿ ಕೂಗುವುದು, ಲಿಫ್ಟ್ ಕೆಟ್ಟಾಗ ಮೇಲ್ವಿಚಾರಕರು ಗೋಡೆಗೆ ಬಯ್ಯುವುದು, ಯಾರ ದನಿ ಬೇಕೆಂದರೆ ಅವರ ದನಿ ಅವಳ ಗಂಟಲಿನಲ್ಲಿ ಸಿಗುತ್ತಿತ್ತು. ರೇಡಿಯೋ ಎಂಬ ಹೆಸರು ಬಿದ್ದದ್ದೇ ಹಾಗೆ.

ಬರಿಯ ಸೂಜಿ ಚುಚ್ಚುವ ನರ್ಸ್ ಅಲ್ಲ ಅವಳು. ನರ್ಸಿಂಗ್ ಮುಗಿಸಿದ ಮೇಲೆ ಮತ್ತೆ ಓದಿ, ಹೆಂಗಸರ ಕಾಯಿಲೆಗಳನ್ನು ಪರೀಕ್ಷಿಸಿ, ಗುರುತಿಸಿ, ಔಷಧಿ ಬರೆಯುವ ತನಕ ತರಬೇತಿ ಪಡೆದಿದ್ದಳು. ಬರೆಯುವ ತನಕ ಮಾತ್ರ. ಬರೆದದ್ದು ನಡೆಯಬೇಕಾದರೆ ಅದರ ಕೆಳಗೆ ಡಾಕ್ಟರ ಸಹಿ ಬೀಳಬೇಕೆಂದು ನಿಯಮವಿತ್ತು. ಸಹಿ ಹಾಕುವ ಡಾಕ್ಟರು ಬರುತ್ತಿದ್ದುದು ಗುರುವಾರ. ಶುಕ್ರವಾರ ಹೊಟ್ಟೆನೋವು ಬಂದವಳು ಮುಂದಿನ ಗುರುವಾರದ ತನಕ ಹೊಟ್ಟೆ ಹಿಡಿದುಕೊಂಡಿರಬೇಕು. ಡಾಕ್ಟರಿಗೆ ಸಹಿ, ಹೆಂಗಸರಿಗೆ ಸಹಿಸುವುದು, ಕೆಲಸ ಸರಿಯಾಗಿ ಹಂಚಿದ್ದಾರೆ ಎಂದು ರೇಡಿಯೋ ಸಿಸ್ಟರ್ ಗೊಣಗುತ್ತಿದ್ದಳು. ನಿಯಮದೊಳಗೆ ಯಮ ಸುಮ್ಮನೆ ಬಂದು ಕೂತಿಲ್ಲ ಎಂದೂ ಸೇರಿಸುತ್ತಿದ್ದಳು.

ಸಹಿ ಡಾಕ್ಟರೇನೂ ಕೆಟ್ಟವರಲ್ಲ. ಮುಪ್ಪಿನ, ಮಂಪರಿನ, ಒಳ್ಳೆಯ ಮನುಷ್ಯ. "ಹ್ಮ್… ಸರಿಯಾಗಿದೆ" ಎನ್ನುತ್ತ ಓದದೆಯೇ ರುಜು ಎಳೆಯುವರು. ಒಮ್ಮೆ ಅವಳು ಚೇಷ್ಟೆಗೆಂದು ಕ್ಯಾಂಟೀನಿನ ಊಟದ ಚೀಟಿಯನ್ನು ನಡುವೆ ಸೇರಿಸಿದ್ದಳು. ಅದಕ್ಕೂ ಸಹಿ ಬಿತ್ತು, ಮೇಲೆ ‘ಊಟದ ನಂತರ’ ಎಂಬ ಸೂಚನೆ ಬೇರೆ. ಆಸ್ಪತ್ರೆಯವರು ಅದನ್ನು ನೆನೆಸಿಕೊಂಡು ವರ್ಷಗಟ್ಟಲೆ ನಕ್ಕಿದ್ದರು. ಈಗ ಯಾರಿಗೂ ನಗು ಬರುತ್ತಿರಲಿಲ್ಲ. ತಿಂಗಳ ಕೊನೆಗೆ ಡಾಕ್ಟರು ನಿವೃತ್ತರಾಗುವವರಿದ್ದರು, ಅವರ ಜಾಗಕ್ಕೆ ಬರಲು ಯಾರೂ ಒಪ್ಪಿರಲಿಲ್ಲ. ಸಹಿ ಇಲ್ಲದಿದ್ದರೆ ಹೆಂಗಸರ ಕೋಣೆಗೆ ಬೀಗ. ಬೀಗ ಬೀಳಬಾರದೆಂದರೆ ಆರೋಗ್ಯ ಸಮಿತಿ ನಿಯಮದ ಆ ಒಂದು ಸಾಲನ್ನು ತೆಗೆದುಹಾಕಬೇಕಿತ್ತು: ತರಬೇತಾದ ನರ್ಸ್ ಬರೆದ ಔಷಧಿಗೆ ಅವಳ ಸಹಿಯೇ ಸಾಕು ಎನ್ನಬೇಕಿತ್ತು. ನರ್ಸುಗಳ ಸಂಘ ಎಷ್ಟೋ ಕಾಲ ಬಾಗಿಲು ತಟ್ಟಿದ ಮೇಲೆ ಸಮಿತಿ ಒಂದು ದಿನ ಕೊಟ್ಟಿತ್ತು. ಮಾತಾಡಲು ಸಂಘದವರು ಕಣ್ಣು ಮುಚ್ಚಿ ರೇಡಿಯೋವನ್ನೇ ಆರಿಸಿದರು. ಊರಿನವರೆಲ್ಲರ ದನಿ ತೆಗೆಯಬಲ್ಲವಳಿಗೆ ತನ್ನ ದನಿ ತೆಗೆಯುವುದು ಎಷ್ಟರ ಕೆಲಸ?

ಹಿಂದಿನ ಸಂಜೆ ಅವಳು ಅಡುಗೆಮನೆಯಲ್ಲಿ ಅತ್ತೆಯನ್ನೇ ಸಮಿತಿಯ ಅಧ್ಯಕ್ಷರನ್ನಾಗಿ ಕೂರಿಸಿ ಅಭ್ಯಾಸ ಮಾಡಿದ್ದಳು. ಅತ್ತೆ ಹೆಗಲ ಮೇಲೆ ಟವೆಲ್ ಹೊದ್ದು, ಗಂಭೀರವಾಗಿ ಕೆಮ್ಮಿ, ಹ್ಞಾಂ ಶುರು ಮಾಡಮ್ಮ ಎಂದಿದ್ದರು. ಇವಳು ಶುರು ಮಾಡಿದಳು, ಅಂಕಿ ಅಂಶ ಹೇಳಿದಳು, ಹೆಂಗಸರ ಕಷ್ಟ ಹೇಳಿದಳು, ತಿರುಗಿ ನೋಡಿದರೆ ಅಧ್ಯಕ್ಷರ ಗಲ್ಲ ಎದೆಗೆ ತಾಗಿತ್ತು.

"ಅತ್ತೆ!"

"ಎದ್ದಿದೀನಿ ಕಣೇ. ಎಷ್ಟು ಚೆನ್ನಾಗಿ ಹೇಳ್ತೀಯ. ಕೇಳ್ತಾ ಕೇಳ್ತಾ ಕಣ್ಣು ಎಳೀತು."

"ಕೋಣೆ ಮುಚ್ಚಿಹೋಗತ್ತೆ ಅಂತ ಹೇಳ್ತಿದ್ರೆ ಕಣ್ಣು ಎಳೀತಾ?"

"ನೀನು ಹೇಳಿದ ರೀತಿಗೆ, ಮುಚ್ಚಿದ್ರೂ ಮೆತ್ತಗೆ ಮುಚ್ಚತ್ತೆ ಅನ್ನಿಸ್ತು ನಂಗೆ," ಎಂದು ಅತ್ತೆ ಟವೆಲ್ ಮಡಚಿದರು. "ಭಾಷಣ ಮಾಡ್ತೀಯೋ ಜೋಗುಳ ಹಾಡ್ತೀಯೋ?"

ವಯಸ್ಸಾದವರು, ಸಂಜೆಯಾದರೆ ತೂಕಡಿಸುತ್ತಾರೆ ಎಂದು ಅವಳು ಅದನ್ನು ಅಲ್ಲೇ ಬಿಟ್ಟಿದ್ದಳು.

ಸಮಿತಿಯ ಕಟ್ಟಡದ ಮೊಗಸಾಲೆಯಲ್ಲಿ ಒಂದಕ್ಕೊಂದು ಬೆಸೆದ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಒಂದು ತುದಿಯಲ್ಲಿ ರೇಡಿಯೋ ಸಿಸ್ಟರ್, ಇನ್ನೊಂದು ತುದಿಯಲ್ಲಿ ಒಬ್ಬ ಟೈಲರ್ ಹೆಂಗಸು. ನಡುವೆ ಯಾರೂ ಇರಲಿಲ್ಲ. ಸಿಸ್ಟರ್ ಕಾಲು ಕುಣಿಸಿದರೆ ಅದು ಸಾಲಿನುದ್ದಕ್ಕೂ ಹರಿದು ಆಕೆಯ ಮೊಣಕೈಯನ್ನು ನಡುಗಿಸುತ್ತಿತ್ತು. ಟೈಲರ್ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ಬಟ್ಟೆ ಅಂಗಡಿಗಳ ಬೀದಿಯಲ್ಲಿ ರವಿಕೆ ಹೊಲಿಯುವವಳು. ಮದುವೆಯಾಗಿ ಕೆಲವು ವರ್ಷವಾಗಿತ್ತು, ಮಗು ಬೇಕೆಂದು ಕಾದಿದ್ದವಳು.

ಅವಳ ಕಥೆ ಇಷ್ಟು. ಒಂದು ಶುಕ್ರವಾರ ಕೋಣೆಗೆ ಬಂದಿದ್ದಳು, ಮುಟ್ಟು ನಿಲ್ಲುತ್ತಿಲ್ಲವೆಂದು. ಗರ್ಭಕೋಶದೊಳಗೆ ಗಡ್ಡೆಯಿದೆಯೆಂದು ಸಿಸ್ಟರ್‌ಗೆ ಪರೀಕ್ಷೆಯಲ್ಲೇ ತಿಳಿಯಿತು, ರಕ್ತಸ್ರಾವ ನಿಲ್ಲಿಸುವ ಮಾತ್ರೆ ಬರೆದಳು. ಸಹಿ ಇರಲಿಲ್ಲ. ಸಿಸ್ಟರ್ ಡಾಕ್ಟರಿಗೆ ಫೋನು ಮಾಡಿದಳು, ಅವರು ಊರಲ್ಲಿರಲಿಲ್ಲ. ಸಹಿಯಿಲ್ಲದ ಚೀಟಿಗೆ ಕೌಂಟರಿನವನು ಮಾತ್ರೆ ಕೊಡುವಂತಿರಲಿಲ್ಲ. ಜಾಸ್ತಿಯಾದರೆ ದೊಡ್ಡಾಸ್ಪತ್ರೆಗೆ ಹೋಗಿ ಎಂದು ಸಿಸ್ಟರ್ ಹೇಳಿ ಕಳಿಸಿದಳು. ಜಾಸ್ತಿ ಎಂದರೆ ಎಷ್ಟು ಎಂದು ಯಾವ ಹೆಂಗಸಿಗೆ ಗೊತ್ತಿರುತ್ತದೆ? ಹೊಲಿಗೆ ಮುಗಿಸಿಕೊಡಬೇಕಾದ ಬಟ್ಟೆಗಳಿದ್ದವು. ಗುರುವಾರಕ್ಕೆ ಮೊದಲೇ ಅವಳು ಮಿಷನ್ನಿನ ಮೇಲೆ ಮುಖವಿಟ್ಟು ಕುಸಿದಳು. ದೊಡ್ಡಾಸ್ಪತ್ರೆಯವರು ಜೀವ ಉಳಿಸಿದರು. ಗರ್ಭಕೋಶ ಉಳಿಸಲಿಲ್ಲ. ಗುರುವಾರ ಸಹಿ ಡಾಕ್ಟರು ಬಂದು ಆ ಚೀಟಿಗೂ ಸಹಿ ಹಾಕಿದರು. ಹ್ಮ್, ಸರಿಯಾಗಿದೆ.

ನನ್ನ ಕಥೆ ಹೇಳಿ, ನಾನು ಹಿಂದೆ ಕೂತಿರ್ತೀನಿ, ನಂಗೆ ಮಾತಾಡೋಕೆ ಹೇಳಬೇಡಿ ಎಂದು ಅವಳೇ ಒಪ್ಪಂದ ಮಾಡಿಕೊಂಡು ಬಂದಿದ್ದಳು.

ಒಳಗೆ ವಾಹನ ನಿಲ್ಲಿಸುವ ಜಾಗದ ವಿಷಯ ನಡೆಯುತ್ತಿತ್ತು. ಆರೋಗ್ಯ ಸಮಿತಿಗೂ ಸ್ಕೂಟರ್ ನಿಲ್ಲಿಸುವುದಕ್ಕೂ ಏನು ಸಂಬಂಧವೆಂದು ಬಾಗಿಲಲ್ಲಿ ನಿಂತ ಪೇದೆಯನ್ನು ಸಿಸ್ಟರ್ ಕೇಳಿದರೆ, ಆಸ್ಪತ್ರೆ ಮುಂದಿನ ಜಾಗ ಅಂದ್ಮೇಲೆ ಆರೋಗ್ಯವೇ ಅಲ್ವಾ ಎಂದ. ಸಿಸ್ಟರ್ ಎದ್ದು ಕಿಟಕಿಯ ತನಕ ಹೋದಳು, ಬಂದಳು, ನೀರು ಕುಡಿದಳು, ಕುಡಿದದ್ದಕ್ಕೆ ಬಚ್ಚಲಿಗೆ ಹೋದಳು, ಹೋದಾಗಲೇ ಕರೆದುಬಿಟ್ಟರೇನೋ ಎಂದು ಓಡಿ ಬಂದಳು. ಕರೆದಿರಲಿಲ್ಲ. ಟೈಲರನ್ನು ಸ್ವಲ್ಪ ನಗಿಸೋಣವೆಂದು ಬಾಗಿಲ ಸಂದಿನಿಂದ ಕೇಳಿಸಿಕೊಂಡ ಅಧ್ಯಕ್ಷರ ದನಿ ತೆಗೆದಳು: ಪ್ರತಿ ಮಾತಿನ ಮುಂದೊಂದು ಆಂ, ಹಿಂದೊಂದು ಅಲ್ಲವೇ. "ಆಂ, ಸ್ಕೂಟರು ಕೂಡ, ಆಂ, ಒಂದು ವಾಹನ, ಅಲ್ಲವೇ?" ಪೇದೆ ಬಾಯಿಗೆ ಕೈ ಅಡ್ಡ ಹಿಡಿದ. ಟೈಲರ್ ನಗಲಿಲ್ಲ.

"ಒಳಗೆ ಹೋದಾಗಲೂ ಇಷ್ಟು ಜೋರಾಗೇ ಮಾತಾಡಿ ಸಿಸ್ಟರ್," ಎಂದಳು.

ಕರೆ ಬಂತು.

ಉದ್ದನೆಯ ಮೇಜು, ಅದರ ಹಿಂದೆ ಸಮಿತಿ. ನಡುವೆ ಅಧ್ಯಕ್ಷರು, ದಪ್ಪನೆಯ ಮನುಷ್ಯ, ಕನ್ನಡಕ ಹಣೆಗೇರಿತ್ತು. ಅವರ ಪಕ್ಕದಲ್ಲಿ ಒಬ್ಬ ವಕೀಲರು, ಇನ್ನೊಂದು ಪಕ್ಕಕ್ಕೆ ಶಾಲೆಯ ಹೆಡ್‌ಮಿಸ್ ಆಗಿದ್ದ ಸದಸ್ಯೆ. ಮತ್ತೆ ಕೆಲವರು ಫೋನಿನಲ್ಲಿ ಮುಳುಗಿದ್ದರು. ಸಮಿತಿ ಎಂದಮೇಲೆ ಕೇಳಿಸಿಕೊಳ್ಳುವುದಕ್ಕೂ ಒಂದು ಮಿತಿ ಇರುತ್ತದೆ ಎಂದು ಸಿಸ್ಟರ್‌ಗೆ ಅನ್ನಿಸಿತು. ಟೈಲರ್ ಹಿಂದಿನ ಬೆಂಚಿನಲ್ಲಿ ಕೂತಳು.

ಶುರು ಚೆನ್ನಾಗಿಯೇ ಇತ್ತು. ದನಿ ಗಟ್ಟಿಯಿತ್ತು, ಪಾಠ ಬಾಯಲ್ಲಿತ್ತು. ಆದರೆ ಟೈಲರ್ ಕಥೆಗೆ ಬಂದು ಮುಟ್ಟು ಎಂಬ ಪದ ಹೇಳಿದೊಡನೆ ಅಧ್ಯಕ್ಷರು ಫ್ಯಾನಿನ ಕಡೆ ನೋಡಿದರು. ಗರ್ಭಕೋಶ ಎಂದಾಗ ಅವರ ಕುತ್ತಿಗೆ ಬೆವರಿತು, ಮೇಜಿನ ಕೆಳಗೆ ಅವರ ಮೊಣಕಾಲು ಅಲುಗುವುದು ಅವಳಿಗೆ ಕಂಡಿತು. "ಆಂ, ಆ ವಿಷಯವನ್ನು, ಆಂ, ವಿವರವಾಗಿ ಹೇಳಬೇಕೆಂದಿಲ್ಲ, ಅಲ್ಲವೇ," ಎಂದು ನೀರಿನ ಲೋಟಕ್ಕೆ ಕೈ ಚಾಚಿದರು.

ಹೆದರಿದ ಮನುಷ್ಯನನ್ನು ಕಂಡರೆ ಅವಳಿಗೆ ಮಾಡಲು ಬರುತ್ತಿದ್ದುದು ಒಂದೇ ಕೆಲಸ. ಎಷ್ಟೋ ವರ್ಷದಿಂದ ಮೈಗೆ ಹತ್ತಿದ ಕೆಲಸ. ದನಿ ತಾನಾಗಿ ಒಂದು ಮೆಟ್ಟಿಲು ಇಳಿಯಿತು. ಕುಣಿಯುತ್ತಿದ್ದ ಕಾಲು ನಿಂತಿತು.

ಭಯಪಡುವಂಥದ್ದು ಏನೂ ಇಲ್ಲ ಸರ್, ಎಂದಳು. ಸಣ್ಣ ಬದಲಾವಣೆ. ಒಂದೇ ಒಂದು ಸಾಲು ತೆಗೆಯೋದು, ಅಷ್ಟೇ. ನಿಮಗೆ ಗೊತ್ತೂ ಆಗಲ್ಲ. ಈಗ ನಡೀತಿರೋ ಹಾಗೇ ಎಲ್ಲ ನಡೀತಿರತ್ತೆ.

ಅಧ್ಯಕ್ಷರ ಭುಜ ಇಳಿಯಿತು. ವಕೀಲರು ಕುರ್ಚಿಗೆ ಒರಗಿದರು. ಕಡೆಯಲ್ಲಿದ್ದ ಒಬ್ಬರು ಫೋನು ಕೆಳಗಿಟ್ಟು ಅರೆಗಣ್ಣು ಮುಚ್ಚಿದರು. ಕೋಣೆಯ ಉಸಿರು ಸಲೀಸಾಯಿತು. ತನ್ನ ಕೆಲಸ ಎಷ್ಟು ಚೆನ್ನಾಗಿ ಸಾಗುತ್ತಿದೆ ಎಂದು ಅವಳಿಗೊಂದು ಹಿತವಾದ ಭಾವನೆಯೂ ಬಂತು.

ಹೆಡ್‌ಮಿಸ್ ಕೇಳಿದರು, "ಆ ಟೈಲರ್ ವಿಷಯ ಹೇಳಿದ್ರಲ್ಲ. ಈಗ ಆಕೆ ಹೇಗಿದ್ದಾರೆ?"

ಪರೀಕ್ಷೆ ಮುಗಿದ ಮೇಲೆ ಬಾಗಿಲಲ್ಲಿ ಕಾದ ನೆಂಟರು ಕೇಳುವ ಪ್ರಶ್ನೆ ಅದು. ಅದಕ್ಕೆ ಅವಳ ನಾಲಗೆಯಲ್ಲಿ ಸದಾ ಸಿದ್ಧವಿದ್ದ ಉತ್ತರ ಒಂದೇ.

"ಈಗ ಆರಾಮಾಗಿದ್ದಾರೆ ಮೇಡಂ."

"ಸಂತೋಷ," ಎಂದರು ಅಧ್ಯಕ್ಷರು. ನಿಜಕ್ಕೂ ಸಂತೋಷಪಟ್ಟಿದ್ದರು ಪಾಪ. "ಆಂ, ಹಾಗಾದರೆ ಅವಸರವೇನಿಲ್ಲ, ಅಲ್ಲವೇ. ಡಾಕ್ಟರು ಸಿಗೋ ತನಕ ಆ ಕೋಣೆ ಮುಚ್ಚಿರಲಿ. ಇದನ್ನ ಮುಂದಿನ ಸಭೆಗೆ ಇಡೋಣ." ಮುಂದಿನ ಸಭೆ ಎಂದೆಂದು ಸಮಿತಿಗೇ ಗೊತ್ತಿರಲಿಲ್ಲ. ಅವರು ಬಲು ಮೃದುವಾಗಿ ಕಡತ ಮುಚ್ಚಿದರು. ಮೆತ್ತಗೆ ಮುಚ್ಚುವುದೆಂದರೆ ಏನೆಂದು ಸಿಸ್ಟರ್‌ಗೆ ಆಗ ತಿಳಿಯಿತು. ಕಿವಿಯಲ್ಲಿ ಅತ್ತೆಯ ದನಿ, ಜೋಗುಳ ಹಾಡ್ತೀಯೋ. ಬಾಯಿ ತೆರೆದಳು. ಪರದೆಯೊಳಗಿನ ದನಿ ಬಿಟ್ಟರೆ ಆ ಗಂಟಲಿನಲ್ಲಿ ಬೇರೆ ಯಾವುದೂ ಉಳಿದಿರಲಿಲ್ಲ.

ಹಿಂದೆ ಬೆಂಚು ಕಿರುಗುಟ್ಟಿತು.

"ನಾನು ಆರಾಮಾಗಿಲ್ಲ."

ಟೈಲರ್ ಎದ್ದು ನಿಂತಿದ್ದಳು. ಅಳತೆಪಟ್ಟಿ ಬೆರಳಿಗೆ ಬಿಗಿದು ಬೆರಳಿನ ತುದಿ ಬೆಳ್ಳಗಾಗಿತ್ತು. ಸಾರ್ವಜನಿಕರು ಮಾತಾಡುವ ಹಾಗಿಲ್ಲವೆಂದು ವಕೀಲರು ಹೇಳಿದರು. ಅವಳಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿಯೂ ನಿಲ್ಲಿಸಲಿಲ್ಲ.

"ಅಳತೆ ತೆಗೆದು ಆಮೇಲೆ ಕತ್ತರಿಸ್ತಾರೆ ಬಟ್ಟೇನ. ನನ್ನನ್ನ ಮೊದಲು ಕತ್ತರಿಸಿದ್ರು. ಆಮೇಲೆ ಗುರುವಾರ ಬಂತು. ಅಳತೆ ಸರಿಯಾಗಿದೆ ಅಂತ ಸಹಿ ಬಿತ್ತು. ಈಗ ಮುಂದಿನ ಸಭೆ ಅಂತೀರ. ಮುಂದಿನ ಸಭೆಗೆ ನಂದು ವಾಪಸ್ ಹೊಲಿದು ಕೊಡ್ತೀರಾ?"

ದನಿ ಏರುತ್ತ ಹೋಯಿತು, ಒಡೆಯಿತು. ಅವಳು ಅಳುತ್ತಿರಲಿಲ್ಲ, ಅದಕ್ಕಿಂತ ಬೇರೆಯೇನೋ ಆಗುತ್ತಿತ್ತು. ಸಿಸ್ಟರ್ ಯಾವಾಗ ಹಿಂದೆ ಹೋದಳೋ, ಯಾವಾಗ ಅವಳ ಪಕ್ಕ ನಿಂತಳೋ ತನಗೇ ತಿಳಿಯಲಿಲ್ಲ. ಬಲಗೈ ಆಗಲೇ ಮೇಲೆದ್ದಿತ್ತು. ಆ ಭುಜಕ್ಕೂ ಆ ಕೈಗೂ ನಡುವೆ ಬೆರಳಗಲ ಜಾಗ. ಉಸಿರು ಬಿಡಿ ಅಮ್ಮ ಎಂಬ ಮಾತು ತುಟಿಯ ಒಳಗೆ ಬಂದು ಕೂತಿತ್ತು. ಕೈ ಬಿದ್ದರೆ ಇವಳು ಕೂರುತ್ತಾಳೆ, ಬೆಣ್ಣೆಯಾಗುತ್ತಾಳೆ, ಎಲ್ಲರೂ ಕೂತಿದ್ದಾರೆ, ಇವಳೂ ಕೂರುತ್ತಾಳೆ.

"ಸಿಸ್ಟರ್," ಎಂದರು ಅಧ್ಯಕ್ಷರು. ಮುಖ ಮತ್ತೆ ಬೆವರಿತ್ತು. "ಆಂ, ನೀವು ಅವರನ್ನ ಸ್ವಲ್ಪ ಸಮಾಧಾನ ಮಾಡಿ."

ಎಲ್ಲರೂ ಅವಳ ಕೈಯನ್ನು ನೋಡುತ್ತಿದ್ದರು.

ಕೈಯನ್ನು ಇಳಿಸಿ ಬೆನ್ನ ಹಿಂದೆ ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಹಿಡಿದುಕೊಳ್ಳದಿದ್ದರೆ ಅದು ಮತ್ತೆ ಏಳುತ್ತಿತ್ತು.

"ಮಾಡಲ್ಲ ಸರ್."

"ಆಂ?"

"ನಾನು ಹೇಳಿದ್ದು ತಪ್ಪು. ಅವರು ಆರಾಮಾಗಿಲ್ಲ. ಕೋಣೆ ಮುಚ್ಚಿದ್ರೆ ಇನ್ನೂ ಎಷ್ಟೋ ಜನಕ್ಕೆ ಹೀಗೇ ಆಗತ್ತೆ. ನೋವಾಗತ್ತೆ ಸರ್. ನಿಮಗಲ್ಲ."

ಟೈಲರ್ ನಿಂತೇ ಇದ್ದಳು. ಅವಳ ಉಸಿರಾಟ ಕೋಣೆಗೆಲ್ಲ ಕೇಳುತ್ತಿತ್ತು, ಅದನ್ನು ಯಾರೂ ಕಡಿಮೆ ಮಾಡಲಿಲ್ಲ. ಅಧ್ಯಕ್ಷರು ಫ್ಯಾನು ನೋಡಿದರು, ಪೇದೆಯನ್ನು ನೋಡಿದರು, ಪೇದೆ ತನ್ನ ಚಪ್ಪಲಿ ನೋಡಿಕೊಂಡ. ಸಿಸ್ಟರ್‌ಗೆ ಇಡೀ ಮೈ ಕುಣಿಯುತ್ತಿತ್ತು: ಯಾರಾದರೂ ಏನಾದರೂ ಹೇಳಲಿ, ಈ ಮೌನಕ್ಕೊಂದು ಹತ್ತಿ ಒತ್ತಲಿ. ತಾನು ಒತ್ತಬಾರದು. ಅಷ್ಟು ಕಷ್ಟದ ಕೆಲಸವನ್ನು ಅವಳು ಹೆರಿಗೆ ಕೋಣೆಯಲ್ಲೂ ಮಾಡಿರಲಿಲ್ಲ.

ಕಡೆಗೆ ಹೆಡ್‌ಮಿಸ್ ಪೆನ್ನಿನಿಂದ ಮೇಜು ಕುಟ್ಟಿದರು. ಮುಂದಿನ ಸಭೆ ಬೇಡ, ಇವತ್ತೇ ಕೈ ಎತ್ತಿಸಿ ಎಂದರು. ವಕೀಲರು ಪದ್ಧತಿಯ ಮಾತೆತ್ತಿದರು. ಸ್ಕೂಟರಿಗೆ ಇವತ್ತೇ ಕೈ ಎತ್ತಿಸಿದಿರಲ್ಲ ಎಂದು ಹೆಡ್‌ಮಿಸ್ ಕೇಳಿದರು. ವಾದ ಸಾಕಷ್ಟು ಎಳೆಯಿತು. ನರ್ಸು ತಪ್ಪು ಬರೆದರೆ ಹೊಣೆ ಯಾರು ಎಂದರು. ನಾನು ಎಂದಳು ಸಿಸ್ಟರ್. ಅದೂ ಸಣ್ಣ ವಿಷಯವಾಗಿರಲಿಲ್ಲ. ಕೊನೆಗೆ ಕೈಗಳು ಎದ್ದವು, ಒಂದೊಂದಾಗಿ, ಮೊಣಕೈ ಮೇಜಿನಿಂದ ಬಿಡಿಸಲು ಮನಸ್ಸಿಲ್ಲದ ಕೈಗಳು. ಎರಡೂ ಕಡೆ ಸಮವಾಗಿ ನಿಂತಾಗ ಎಲ್ಲರೂ ಅಧ್ಯಕ್ಷರನ್ನು ನೋಡಿದರು. ಅವರು ಟೈಲರನ್ನು ನೋಡಿದರು. ಆ ದಿನ ಮೊದಲ ಬಾರಿಗೆ ನೋಡಿದ್ದು.

"ಆಂ, ಒಂದು ವರ್ಷ," ಎಂದರು. "ಒಂದು ವರ್ಷದ ಮಟ್ಟಿಗೆ ಸಿಸ್ಟರ್ ಸಹಿಯೇ ಸಾಕು. ಆಮೇಲೆ ನೋಡೋಣ." ಅಲ್ಲವೇ ಎಂದು ಸೇರಿಸಲಿಲ್ಲ. ಅವರ ಕೈ ಮೇಲೆದ್ದಿತ್ತು.

ಹೊರಗೆ ಬಂದು ಇಬ್ಬರೂ ಬಸ್ ನಿಲ್ದಾಣದ ತನಕ ನಡೆದರು. ಸಿಸ್ಟರ್‌ಗೆ ಹೇಳಲು ಬಾಯ್ತುಂಬ ಮಾತಿತ್ತು. ಯಾವುದನ್ನು ತೆಗೆದರೂ ಅದು ಸಮಾಧಾನದ ಮಾತೇ ಆಗುತ್ತಿತ್ತು, ಅದಕ್ಕೇ ನುಂಗಿದಳು. ಬಸ್ಸುಗಳು ಬಂದವು, ಹೋದವು.

"ಆರಾಮಾಗಿದ್ದಾರೆ ಅಂದ್ರಲ್ಲ," ಎಂದಳು ಟೈಲರ್, ರಸ್ತೆ ನೋಡುತ್ತ.

"ಅಂದೆ."

"ನಂಗೆ ನಿಮ್ಮ ಮೇಲೆ ಇನ್ನೂ ಕೋಪ ಇದೆ."

"ಇರಲಿ."

ಟೈಲರ್ ಒಮ್ಮೆ ಅವಳನ್ನು ಮೇಲಿಂದ ಕೆಳಗೆ ಅಳೆದಳು, ಕಸುಬಿನ ಕಣ್ಣಿನಲ್ಲಿ. "ನಿಮ್ಮ ಬಿಳಿ ಕೋಟಿನ ಅಂಚಿನ ಹೊಲಿಗೆ ಬಿಟ್ಟಿದೆ. ಹಾಗೆ ಹೋಗಿ ನಿಂತ್ಕೊಂಡ್ರಾ ಅವರೆಲ್ಲರ ಮುಂದೆ? ಅಂಗಡಿ ಕಡೆ ಬನ್ನಿ ಯಾವಾಗಾದ್ರೂ." ಅಷ್ಟು ಹೇಳಿ ಬಂದ ಬಸ್ಸು ಹತ್ತಿದಳು, ತಿರುಗಿ ನೋಡಲಿಲ್ಲ.

ಸಂಜೆ ಅತ್ತೆ ಎಲ್ಲ ಕೆಲಸ ಬದಿಗಿಟ್ಟು ಅಡುಗೆಮನೆಯ ಮಣೆಯ ಮೇಲೆ ಕೂತರು. ಆದದ್ದೆಲ್ಲ ಬೇಕು, ದನಿ ಸಮೇತ ಬೇಕು ಎಂದರು. ಸೊಸೆ ಗೆದ್ದು ಬಂದಿದ್ದಳು, ರೇಡಿಯೋ ಹಚ್ಚದೆ ಬಿಡುತ್ತಾರೆಯೇ? ಸಿಸ್ಟರ್ ನಿಂತುಕೊಂಡೇ ಶುರು ಮಾಡಿದಳು. ಪೇದೆ ಬಂದ, ವಕೀಲರು ಬಂದರು, ಪೆನ್ನು ಕುಟ್ಟುತ್ತ ಹೆಡ್‌ಮಿಸ್ ಬಂದರು. ಆಂ, ಅಲ್ಲವೇ ಎಂದು ಅಧ್ಯಕ್ಷರು ಬಂದಾಗ ಅತ್ತೆ ಕಣ್ಣೊರೆಸಿಕೊಂಡು ನಕ್ಕರು. ತನ್ನದೇ ಪರದೆಯೊಳಗಿನ ದನಿಯನ್ನೂ ತೆಗೆದು ತೋರಿಸಿದಳು, ನಿಮಗೆ ಗೊತ್ತೂ ಆಗಲ್ಲ ಸರ್. ಅದನ್ನು ಅವಳು ಎಂದೂ ಅಣಕಿಸಿರಲಿಲ್ಲ. ಕೇಳಿದರೆ ಅಷ್ಟೇನೂ ಚೆನ್ನಾಗಿರಲಿಲ್ಲ.

"ಆಮೇಲೆ? ಆ ಹುಡುಗಿ ಎದ್ದಳು ಅಂದ್ಯಲ್ಲ. ಏನಂದ್ಲು, ಹೇಗಂದ್ಲು?"

ಸಿಸ್ಟರ್ ಬಾಯಿ ತೆರೆದಳು. ಮಾತುಗಳೆಲ್ಲ ನೆನಪಿನಲ್ಲಿದ್ದವು, ಎಲ್ಲಿ ಏರಿತು, ಎಲ್ಲಿ ಒಡೆಯಿತು ಎಂಬುದೂ ಕಿವಿಯಲ್ಲಿತ್ತು. ತೆರೆದ ಬಾಯಿಯನ್ನು ಹಾಗೇ ಮುಚ್ಚಿದಳು.

"ಅದು ನಂಗೆ ಬರಲ್ಲ ಅತ್ತೆ."

"ನಿಂಗೆ ಬರದೇ ಇರೋ ದನಿ ಯಾವುದೇ?"

ಅವಳು ಕುರ್ಚಿ ಎಳೆದು ತುದಿಯಲ್ಲಿ ಕೂತಳು. ನಾಳೆ ಶುಕ್ರವಾರ. ಕೋಣೆಯ ಮುಂದೆ ಹೆಂಗಸರು ಬಂದು ಕೂತಿರುತ್ತಾರೆ, ಬರೆದ ಚೀಟಿಯ ಕೆಳಗೆ ಅವಳೇ ಸಹಿ ಹಾಕಬೇಕು, ಹಾಕಿದ ಮೇಲೆ ಗುರುವಾರದ ಮೇಲೆ ಏನನ್ನೂ ಹೊರಿಸುವಂತಿಲ್ಲ. ಕಾಲು ಕುಣಿಯತೊಡಗಿತು. ಮೇಜು ನಡುಗಿತು, ಮೇಜಿನ ಮೇಲಿನ ಲೋಟ ನಡುಗಿತು. ಅತ್ತೆ ಮಣೆಯಿಂದ ಕೈ ಚಾಚಿ ಆ ಮೊಣಕಾಲನ್ನು ಒತ್ತಿ ಹಿಡಿಯಲು ಹೊರಟವರು, ಸೊಸೆಯ ಮುಖ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡು ಲೋಟವನ್ನಷ್ಟೇ ಎತ್ತಿ ಕೆಳಗಿಟ್ಟರು.